ಅನುಪಲಬ್ಧಿ ಮತ್ತು ಅಂತರಜಾಲದ ಶೋಧನೆ

ನಮ್ಮ ಸಂಶೋಧನ ಪ್ರಬಂಧಗಳ ಪೀಠಿಕೆಗಳಲ್ಲಿ ಒಂದು ವಾಕ್ಯ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತದೆ: "ಈ ವಿಷಯವನ್ನು ಕುರಿತು ಇದುವರೆಗೆ ಯಾವ ಅಧ್ಯಯನವೂ ನಡೆದಿಲ್ಲ." ವಾಕ್ಯ ಹಳೆಯದು, ಅದರ ಹಿಂದಿರುವ ಆಧಾರ ಮಾತ್ರ ಬದಲಾಗಿದೆ. ಹಿಂದೆ ಈ ಮಾತನ್ನು ಬರೆಯುವವನು ಗ್ರಂಥಭಂಡಾರದ ಸೂಚಿಗಳನ್ನು ತಿರುವಿಹಾಕಿ, ಹಳೆಯ ಪತ್ರಿಕೆಗಳ ಸಂಪುಟಗಳ ಧೂಳು ಕುಡಿದು, ಬಲ್ಲವರನ್ನು ಕೇಳಿ, ಆಮೇಲೆಯೂ ಅಳುಕುತ್ತಲೇ ಬರೆಯುತ್ತಿದ್ದನು. ಈಗ ಅದೇ ಮಾತು ಶೋಧಯಂತ್ರದ ಮುಂದೆ ಅರ್ಧ ಗಂಟೆ ಕುಳಿತೆದ್ದುದರ ಫಲವಾಗಿ ಹುಟ್ಟುತ್ತಿದೆ, ಅಳುಕೂ ಇಲ್ಲದೆ ಹುಟ್ಟುತ್ತಿದೆ. ಪ್ರಬಂಧವನ್ನು ಪರೀಕ್ಷಿಸುವವರು ಆ ವಾಕ್ಯವನ್ನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಹೀಗೆ ಇಲ್ಲವೆಂದು ಒಮ್ಮೆ ಮುದ್ರಿತವಾದದ್ದು ಮುಂದಿನವನಿಗೆ ಆಧಾರವಾಗಿ, ಇದ್ದ ವಸ್ತು ಇಲ್ಲದ್ದಾಗಿಯೇ ಉಳಿಯುತ್ತದೆ.

ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ರೈಸರ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ನೋಡುವುದಕ್ಕೆ ಊರಿಂದೂರಿಗೆ ಹೋಗಬೇಕಾಗಿದ್ದ ಕಾಲವೊಂದಿತ್ತು. ಇಂದು ಸಣ್ಣ ಊರಿನ ಕಾಲೇಜಿನ ವಿದ್ಯಾರ್ಥಿಯೂ ಅವನ್ನು ತನ್ನ ಕೈಯಲ್ಲಿರುವ ಮೊಬೈಲಿನಲ್ಲಿಯೇ ತೆರೆಯಬಲ್ಲನು. ಇದು ಸಾಮಾನ್ಯವಾದ ಉಪಕಾರವಲ್ಲ. ಇದಲ್ಲದೆ, ಅಂತರಜಾಲದಲ್ಲಿ ಹುಡುಕಿ ಪರಿಶೀಲಿಸಿ ಕೊಡುವುದೇ ಒಂದು ವೃತ್ತಿಯಾಗಿ ಬೆಳೆದಿದೆ. ಪತ್ರಿಕಾಲಯಗಳಿಗೆ, ನ್ಯಾಯವಾದಿಗಳ ಕಚೇರಿಗಳಿಗೆ, ಪ್ರಕಾಶನ ಸಂಸ್ಥೆಗಳಿಗೆ ಇಂತಹವರು ಬೇಕಾಗಿದ್ದಾರೆ. ಕನ್ನಡ ಎಂ.ಎ. ಮಾಡಿದವರಿಗೆ ಉಪಾಧ್ಯಾಯ ವೃತ್ತಿಯೊಂದೇ ಗತಿ ಎಂಬ ಸ್ಥಿತಿ ಹೀಗಾದರೂ ಸ್ವಲ್ಪ ತಪ್ಪುವುದಾದರೆ ಒಳ್ಳೆಯದೇ. ಆದುದರಿಂದ ಈ ವಿದ್ಯೆಯ ಲಕ್ಷಣವೇನು, ನಾವು ಅದನ್ನು ಕಲಿಸುತ್ತಿರುವ ರೀತಿ ಸರಿಯೆ ಎಂಬುದನ್ನು ವಿಮರ್ಶಿಸುವುದು ಅವಶ್ಯವಾಗಿದೆ.

ನಮ್ಮ ಪ್ರಾಚೀನರ ಪ್ರಮಾಣವಿಚಾರದಲ್ಲಿ ಈ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟ ಒಂದು ಚರ್ಚೆ ಉಂಟು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಪ್ರತ್ಯಕ್ಷ, ಅನುಮಾನ ಮೊದಲಾದ ಐದರ ಜೊತೆಗೆ ಅನುಪಲಬ್ಧಿಯನ್ನು ಆರನೆಯ ಪ್ರಮಾಣವಾಗಿ ಒಪ್ಪುತ್ತಾರೆ. ನೆಲದ ಮೇಲೆ ಗಡಿಗೆ ತೋರುತ್ತಿಲ್ಲ, ಆದ್ದರಿಂದ ಗಡಿಗೆ ಇಲ್ಲ—ಎಂಬ ಜ್ಞಾನ ಇದರಿಂದ ಉಂಟಾಗುತ್ತದೆ. ಆದರೆ ತೋರದೆ ಇರುವುದೆಲ್ಲವೂ ಇಲ್ಲವೆಂದಾಗಲಾರದಷ್ಟೆ. ಕತ್ತಲೆಯ ಕೋಣೆಯಲ್ಲಿ ಗಡಿಗೆ ತೋರದಿದ್ದರೆ ಅದರಿಂದ ಗಡಿಗೆಯ ಅಭಾವ ಸಿದ್ಧವಾಗುವುದಿಲ್ಲ. ಇದ್ದಿದ್ದರೆ ತೋರಲೇಬೇಕಾಗಿತ್ತು ಎನ್ನಬಹುದಾದ ಸನ್ನಿವೇಶದಲ್ಲಿ ತೋರದೆಹೋದರೆ ಮಾತ್ರ ಅದು ಪ್ರಮಾಣ. ಅದನ್ನು ಯೋಗ್ಯಾನುಪಲಬ್ಧಿ ಎಂದು ಕರೆದರು. ಶೋಧಯಂತ್ರ ತೋರಿಸುವ ಬರಿಯ ಪುಟಕ್ಕೆ ಈ ಯೋಗ್ಯತೆ ಯಾವಾಗ ಬರುತ್ತದೆ? ವೃತ್ತಿಪರನಾದ ಶೋಧಕನನ್ನು ಹವ್ಯಾಸಿಯಿಂದ ಬೇರ್ಪಡಿಸುವುದು ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಶಕ್ತಿಯೇ ಎಂದು ನಾವು ತಿಳಿಯುತ್ತೇವೆ.

ಈ ವಿದ್ಯೆಯನ್ನು ಕಲಿಸುವ ಕೈಪಿಡಿಗಳೂ ಕಾರ್ಯಾಗಾರಗಳೂ ಹೆಚ್ಚಾಗಿ ಕೆಲವು ಚಿಹ್ನೆಗಳ ಉಪಯೋಗವನ್ನು ಹೇಳಿಕೊಟ್ಟು ಮುಗಿಸುತ್ತವೆ. ಪದಗುಚ್ಛವನ್ನು ಉದ್ಧರಣ ಚಿಹ್ನೆಗಳ ನಡುವೆ ಇಟ್ಟರೆ ಅದೇ ಕ್ರಮದಲ್ಲಿ ಹುಡುಕುತ್ತದೆ. ಪದದ ಹಿಂದೆ ಕಳೆಯುವ ಗುರುತನ್ನಿಟ್ಟರೆ ಆ ಪದವುಳ್ಳ ಪುಟಗಳನ್ನು ಬಿಡುತ್ತದೆ. ಒಂದೇ ತಾಣದೊಳಗೆ, ಒಂದೇ ಬಗೆಯ ಕಡತಗಳೊಳಗೆ ಹುಡುಕಾಟವನ್ನು ಕಟ್ಟಿಹಾಕಬಹುದು. ಇವು ತಿಳಿದಿರಬೇಕಾದವೇ, ಒಂದು ಮಧ್ಯಾಹ್ನದಲ್ಲಿ ತಿಳಿಯಬಹುದಾದವು. ಆದರೆ ಇವು ಸ್ಥಿರವಾದ ನಿಯಮಗಳಲ್ಲ. ಗೂಗಲ್ ಸಂಸ್ಥೆ ಕೂಡುವ ಗುರುತಿನ ಹಳೆಯ ಅರ್ಥವನ್ನು 2011ರಲ್ಲಿ ಕೈಬಿಟ್ಟಿತು. ತನ್ನಲ್ಲಿ ಸಂಗ್ರಹಿಸಿಟ್ಟ ಪುಟದ ಪ್ರತಿಯನ್ನು ತೋರಿಸುವ ಅನುಕೂಲವನ್ನು 2024ರಲ್ಲಿ ತೆಗೆದುಹಾಕಿತು. ಫಲಿತಾಂಶಗಳ ಸಂಖ್ಯೆಯೆಂದು ಅದು ಕೊಡುವ ಅಂಕಿ ಬರಿಯ ಅಂದಾಜು. ಅದನ್ನು ಪ್ರಬಂಧದಲ್ಲಿ ಉದ್ಧರಿಸಿ, ಒಂದು ಪದ ಮತ್ತೊಂದಕ್ಕಿಂತ ಹೆಚ್ಚು ಬಳಕೆಯಲ್ಲಿದೆಯೆಂದು ಸಾಧಿಸುವುದು ವಿನೋದಕ್ಕೆ ಮಾತ್ರ ಯೋಗ್ಯವಾದ ಕೆಲಸ.

ಚಿಹ್ನೆಗಳನ್ನು ಬಿಟ್ಟು ಪದಗಳ ಕಡೆಗೆ ಬರೋಣ. ಒಂದು ಪ್ರಶ್ನೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳಬಹುದು: ಕಿಟ್ಟೆಲರ ನಿಘಂಟಿಗೆ ಹಿಂದೆ ಕನ್ನಡಕ್ಕೆ ಮುದ್ರಿತವಾದ ಕನ್ನಡ-ಇಂಗ್ಲಿಷ್ ನಿಘಂಟು ಇದ್ದಿತೆ? ಇಂದಿನ ವಿದ್ಯಾರ್ಥಿ ಇಂಗ್ಲಿಷಿನಲ್ಲಿ 'ಕನ್ನಡ ಡಿಕ್ಷನರಿ' ಎಂದು ಬರೆದು, ಕಾಲವನ್ನು 1900ಕ್ಕೆ ಹಿಂದೆ ಎಂದು ಕಟ್ಟುಮಾಡಿ ಹುಡುಕುತ್ತಾನೆ. ಮಂಗಳೂರಿನಲ್ಲಿ 1894ರಲ್ಲಿ ಬಾಸೆಲ್ ಮಿಷನ್ನಿನವರು ಪ್ರಕಟಿಸಿದ ಕಿಟ್ಟೆಲರ ಗ್ರಂಥ ಎದುರಿಗೆ ನಿಲ್ಲುತ್ತದೆ. ಅದರ ಹಿಂದೆ ಏನೂ ಇಲ್ಲದಂತೆ ತೋರುತ್ತದೆ. ಅವನ ಶೋಧನೆಯಲ್ಲಿ ವಿಧಾನದೋಷವೇನೂ ಇಲ್ಲ. ದೋಷವಿರುವುದು 'ಕನ್ನಡ' ಎಂಬ ಹೆಸರಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದ ಇಂಗ್ಲಿಷ್ ಗ್ರಂಥಗಳ ಮುಖಪುಟಗಳಲ್ಲಿ ನಮ್ಮ ಭಾಷೆಗೆ ಆ ಹೆಸರಿಲ್ಲ. ವಿಲಿಯಂ ಕೇರಿ 1817ರಲ್ಲಿ ಬರೆದ ವ್ಯಾಕರಣದ ಹೆಸರಿನಲ್ಲಿ ಅದು 'ಕುರ್ನಾಟ' ಎಂದು ಓದಬಹುದಾದ ರೂಪದಲ್ಲಿದೆ. ಮೆಕೆರೆಲ್ 1820ರಲ್ಲಿ ಅಚ್ಚುಮಾಡಿಸಿದ ವ್ಯಾಕರಣದಲ್ಲಿ, ಕೆ ಅಕ್ಷರದ ಸ್ಥಾನದಲ್ಲೆಲ್ಲ ಸಿ ಅಕ್ಷರವನ್ನಿಟ್ಟು, 'ಕರ್ನಾಟಕ' ಎಂದಿದೆ. ವಿಲಿಯಂ ರೀವ್ ಪಾದ್ರಿಗಳ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿಯೂ ಕನ್ನಡ-ಇಂಗ್ಲಿಷ್ ನಿಘಂಟು 1832ರಲ್ಲಿಯೂ ಇದೇ 'ಕರ್ನಾಟಕ'ದ ಹೆಸರಿನಲ್ಲಿ ಹೊರಬಂದುವು. ಅದೇ ರೀವರ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದಾಗ ಭಾಷೆಯ ಹೆಸರು 'ಕ್ಯಾನರೀಸ್' ಎಂದಾಯಿತು. ಮುಂದಿನ ವರ್ಷವೇ ಹಾಡ್ಸನ್ ತಮ್ಮ ವ್ಯಾಕರಣಕ್ಕೆ 'ಕನ್ನಡ ಅಥವಾ ಕ್ಯಾನರೀಸ್' ಎಂದು ಎರಡು ಹೆಸರನ್ನೂ ಇಟ್ಟರು.

ಎಂದರೆ ಎಪ್ಪತ್ತು ವರ್ಷಗಳ ಒಂದೇ ಕೋಶಪರಂಪರೆ ಮೂರು ಹೆಸರುಗಳ ಕೆಳಗೆ ಹಂಚಿಹೋಗಿದೆ. ಒಂದು ಹೆಸರನ್ನು ಹಿಡಿದು ಹೊರಟವನಿಗೆ ಉಳಿದೆರಡು ತೋರುವ ಯೋಗ್ಯತೆಯೇ ಇಲ್ಲ. ಹೆಸರುಗಳನ್ನು ಅರಿತು ಹೊರಟವನಿಗೂ ತೊಡಕುಗಳುಂಟು: 'ಕರ್ನಾಟಿಕ್' ಎಂದು ಕೇಳಿದರೆ ಸಂಗೀತ ಸಭೆಗಳೂ ಆರ್ಕಾಟಿನ ನವಾಬರೂ ಮೊದಲು ಬರುತ್ತಾರೆ; 'ಕೆನರಾ' ಎಂದರೆ ಬ್ಯಾಂಕಿನ ಶಾಖೆಗಳು ಸಾಲುಗಟ್ಟುತ್ತವೆ. ಇನ್ನು ದೇಶೀಯ ನಿಘಂಟುಗಳ ಪರಂಪರೆಯನ್ನು ಹುಡುಕುವುದಾದರೆ 'ನಿಘಂಟು' ಎಂಬ ಪದವೇ ಸಾಲದು. ರನ್ನಕಂದದ ಹೆಸರಿನಲ್ಲಿ ಆ ಪದವಿಲ್ಲ; ಎರಡನೆಯ ನಾಗವರ್ಮನದು ಅಭಿಧಾನವಸ್ತುಕೋಶ; ಲಿಂಗಮಂತ್ರಿಯದು ಕಬ್ಬಿಗರ ಕೈಪಿಡಿ. ಇವುಗಳನ್ನು ಯಾವ ಯಂತ್ರವೂ ನಮಗೆ ತಾನಾಗಿ ಸೂಚಿಸಬೇಕಾಗಿಲ್ಲ, ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಸಂಪುಟಗಳನ್ನು ಓದಿದವನಿಗೆ ಇವು ತಿಳಿದಿರುತ್ತವೆ. ಹುಡುಕಬೇಕಾದ ಹೆಸರು ಹುಡುಕುವುದಕ್ಕೆ ಮೊದಲೇ ಗೊತ್ತಿರಬೇಕು ಎಂಬುದು ವಿಚಿತ್ರವಾಗಿ ತೋರಬಹುದು. ವ್ಯವಹಾರದಲ್ಲಿ ನಡೆಯುವುದು ಹೀಗೆ: ದೊರೆತ ಒಂದು ಗ್ರಂಥದ ಪೀಠಿಕೆಯನ್ನು ಕೊನೆಯವರೆಗೆ ಓದಿ, ಅಲ್ಲಿ ಬಂದ ಹಳೆಯ ಹೆಸರುಗಳನ್ನು ಬರೆದಿಟ್ಟುಕೊಂಡು, ಅವುಗಳೊಡನೆ ಮತ್ತೆ ಯಂತ್ರದ ಬಳಿಗೆ ಹೋಗುವುದು. ಓದುವುದನ್ನು ಬಿಟ್ಟು ಹುಡುಕುವವನಿಗೆ ಎರಡನೆಯ ಸುತ್ತು ಇರುವುದಿಲ್ಲ.

ಸ್ಥಳನಾಮಗಳಲ್ಲಿಯೂ ಇದೇ ಕಥೆ. ರಾಜ್ಯದ ಹೆಸರು 1973ರಲ್ಲಿ ಬದಲಾಯಿತು. ಬೆಂಗಳೂರು, ಮೈಸೂರು, ಕಲಬುರಗಿ ಮೊದಲಾದ ಊರುಗಳ ಇಂಗ್ಲಿಷ್ ರೂಪಗಳು 2014ರಲ್ಲಿ ಬದಲಾದುವು. ಇಷ್ಟು ಹೇಳಿದರೆ ಸಾಕು.

ಕನ್ನಡ ಲಿಪಿಯಲ್ಲಿಯೇ ಹುಡುಕುವಾಗ ಬರುವ ಕಷ್ಟಗಳು ಬೇರೆ ಜಾತಿಯವು. ಇವುಗಳ ವಿಷಯದಲ್ಲಿ ಇಂಗ್ಲಿಷ್ ಕೈಪಿಡಿಗಳು ನಮಗೆ ಏನನ್ನೂ ಹೇಳಲಾರವು. ಮೊದಲನೆಯದು ಪ್ರತ್ಯಯಗಳು. 'ಅರಸ' ಎಂಬ ಪದ ಬರಹದಲ್ಲಿ ಬರಿಯ 'ಅರಸ'ನಾಗಿ ದೊರೆಯುವುದು ಅಪರೂಪ. ಅರಸನು, ಅರಸನನ್ನು, ಅರಸರಿಂದ, ಅರಸನೆಂಬ, ಅರಸಂ ಎಂದು ಅದು ಹರಡಿಕೊಂಡಿರುತ್ತದೆ. ಸಂಧಿಯಾದಲ್ಲಿ ಪದದ ಆದಿಯೇ ಮರೆಯಾಗುತ್ತದೆ. ಉದ್ಧರಣ ಚಿಹ್ನೆಯೊಳಗಿಟ್ಟು ಹುಡುಕುವುದು ಇಂಗ್ಲಿಷಿನಲ್ಲಿ ನಿಖರತೆಯ ಸಾಧನ. ಕನ್ನಡದಲ್ಲಿ ಅದೇ ಸಾಧನ ಮುಕ್ಕಾಲು ಪಾಲು ಪ್ರಯೋಗಗಳನ್ನು ಹೊರಗೆ ತಳ್ಳಬಹುದು. ಎರಡನೆಯದು ಕಾಗುಣಿತ. ಕರ್ಣಾಟಕ, ಕರ್ನಾಟಕ, ಕರ್ಣ್ನಾಟಕ, ಕನ್ನಡ, ಕಂನಡ, ಧರ್ಮ, ಧರ್ಮ್ಮ, ಪೊಸ, ಹೊಸ—ಇವು ನಮಗೆ ಒಂದೊಂದೇ ಪದ, ಯಂತ್ರಕ್ಕೆ ಬೇರೆ ಬೇರೆ ಅಕ್ಷರಮಾಲೆಗಳು. ಱಕಾರ ೞಕಾರಗಳನ್ನು ಸಂಪಾದಕರು ಒಂದು ಆವೃತ್ತಿಯಲ್ಲಿ ಉಳಿಸಿಕೊಂಡು ಮತ್ತೊಂದರಲ್ಲಿ ರಕಾರ ಳಕಾರಗಳಾಗಿ ಮಾಡಿರುವುದುಂಟು. ಯೂನಿಕೋಡ್ ಸಂಕೇತಪಟ್ಟಿಯಲ್ಲಿ ಪಾಪದ ೞಕಾರಕ್ಕೆ 'ಫ' ಎಂಬ ಹೆಸರು ತಪ್ಪಾಗಿ ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ತಿದ್ದಬಾರದೆಂಬುದು ಅಲ್ಲಿಯ ನಿಯಮವಾದ್ದರಿಂದ, ತಪ್ಪೆಂದು ಟಿಪ್ಪಣಿ ಬರೆದು ಹಾಗೆಯೇ ಉಳಿಸಿಕೊಂಡಿದ್ದಾರೆ. ಹಳಗನ್ನಡದ ವಿದ್ಯಾರ್ಥಿಗೆ ಇದರಿಂದ ನಷ್ಟವೇನೂ ಇಲ್ಲ; ನಮ್ಮ ವರ್ಣಮಾಲೆಯನ್ನು ಯಂತ್ರಕ್ಕೆ ಒಪ್ಪಿಸುವಾಗ ಬಲ್ಲವರು ಹತ್ತಿರವಿರಲಿಲ್ಲವೆಂಬುದು ಮಾತ್ರ ತಿಳಿಯುತ್ತದೆ.

ಮೂರನೆಯ ಕಷ್ಟ ಕಣ್ಣಿಗೆ ಕಾಣುವುದೇ ಇಲ್ಲ. ಅನುಸ್ವಾರದ ಸ್ಥಾನದಲ್ಲಿ ಕನ್ನಡ ಅಂಕೆಯ ಸೊನ್ನೆಯನ್ನು ಒತ್ತಿರುವ ಬರಹಗಳು ಬೇಕಾದಷ್ಟಿವೆ. ಎರಡೂ ಒಂದೇ ಉರುಟು. ಓದುಗನಿಗೆ ಭೇದ ತಿಳಿಯದು. ಯಂತ್ರದ ಲೆಕ್ಕದಲ್ಲಿ ಮಾತ್ರ ಆ ಪದ ಹಾಳಾಗಿರುತ್ತದೆ. ವರ್ಷಗಳು ಒಂದು ಕಡೆ 1936 ಎಂದೂ ಮತ್ತೊಂದು ಕಡೆ ೧೯೩೬ ಎಂದೂ ಇರುತ್ತವೆ. ಹಸ್ತಪ್ರತಿಗಳಲ್ಲಿ ಲಿಪಿಕಾರನು ವ ಪ ಮ ಗಳನ್ನು ಹೇಗೆ ಒಂದಕ್ಕೊಂದು ಬೆರೆಸುತ್ತಾನೆಂಬುದನ್ನು ಗ್ರಂಥಸಂಪಾದನಶಾಸ್ತ್ರದ ತರಗತಿಗಳಲ್ಲಿ ನಾವು ಹೇಳುತ್ತೇವಷ್ಟೆ. ಅಚ್ಚಾದ ಪುಟದ ಚಿತ್ರವನ್ನು ನೋಡಿ ಅಕ್ಷರಗಳನ್ನು ಗುರುತಿಸುವ ಯಂತ್ರವೂ ಅಂತಹ ಒಬ್ಬ ಲಿಪಿಕಾರನೇ. ಅದಕ್ಕೂ ದಕಾರ ಧಕಾರಗಳ ಗೊಂದಲವುಂಟು, ಒತ್ತಕ್ಷರಗಳನ್ನು ಬಿಡುವ ಚಾಳಿಯುಂಟು. ಅದರ ದೋಷಗಳ ಸ್ವಭಾವವನ್ನು ಅರಿತ ಶೋಧಕನು ಬೇಕೆಂದೇ ತಪ್ಪು ರೂಪಗಳನ್ನು ಬರೆದು ಹುಡುಕುತ್ತಾನೆ. ಪಾಠಾಂತರಗಳನ್ನು ಊಹಿಸುವ ಅಭ್ಯಾಸವಿದ್ದವನಿಗೆ ಇದು ಹೊಸ ವಿದ್ಯೆಯಲ್ಲ. ಕನ್ನಡ ವಿಭಾಗದಲ್ಲಿ ಓದಿದವನು ಈ ವೃತ್ತಿಯಲ್ಲಿ ಗಣಕಶಾಸ್ತ್ರ ಓದಿದವನಿಗಿಂತ ಮುಂದಿರಬಲ್ಲ ಸ್ಥಾನ ಯಾವುದಾದರೂ ಇದ್ದರೆ ಅದು ಇಲ್ಲಿಯೇ ಇದೆ. ನಮ್ಮ ಪಠ್ಯಕ್ರಮಗಳು ಇದನ್ನು ಇನ್ನೂ ಗಮನಿಸಿದಂತಿಲ್ಲ.

ಭಂಡಾರಗಳ ಒಳಗಿನ ಸ್ಥಿತಿಯನ್ನು ತಿಳಿದಿರುವುದೂ ಅಷ್ಟೇ ಮುಖ್ಯ. ಈ ಶತಮಾನದ ಆರಂಭದಲ್ಲಿ ಮೊದಲಾದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಕನ್ನಡದ ಅಸಂಖ್ಯ ಹಳೆಯ ಪುಸ್ತಕಗಳ ಪುಟಗಳನ್ನು ಚಿತ್ರ ಹಿಡಿದರು. ಅವುಗಳ ಪ್ರತಿಗಳು ಈಗ ಇಂಟರ್ನೆಟ್ ಆರ್ಕೈವಿನಲ್ಲಿ ದೊರೆಯುತ್ತವೆ. ಉಪಕಾರ ದೊಡ್ಡದು. ಆದರೆ ಪುಸ್ತಕಗಳ ಹೆಸರುಗಳನ್ನು ರೋಮನ್ ಲಿಪಿಯಲ್ಲಿ, ದೀರ್ಘ ಹ್ರಸ್ವಗಳ ನಿಯಮವಿಲ್ಲದೆ, ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿದ್ದಾರೆ. ಲೇಖಕನ ಹೆಸರು ಇರಬೇಕಾದೆಡೆ ಪ್ರಕಾಶಕನ ಹೆಸರು, ಮುದ್ರಣದ ವರ್ಷವಿರಬೇಕಾದೆಡೆ ಬೇರೆ ಯಾವುದೋ ಅಂಕಿ ಇರುವುದುಂಟು. ಇದಲ್ಲದೆ ಆರ್ಕೈವಿನ ಶೋಧಪೆಟ್ಟಿಗೆ ಸಾಮಾನ್ಯವಾಗಿ ಪುಸ್ತಕದ ವಿವರಗಳಲ್ಲಿ ಮಾತ್ರ ಹುಡುಕುತ್ತದೆ. ಪುಸ್ತಕದ ಒಳಗಿನ ಪಠ್ಯದಲ್ಲಿ ಹುಡುಕಬೇಕೆಂದು ಬೇರೆಯಾಗಿ ಹೇಳಬೇಕು. ಈ ಭೇದವನ್ನರಿಯದೆ 'ಆರ್ಕೈವಿನಲ್ಲಿ ಇಲ್ಲ' ಎನ್ನುವವರನ್ನು ನಾವು ಮತ್ತೆ ಮತ್ತೆ ಕಾಣುತ್ತಿದ್ದೇವೆ.

ನಮ್ಮ ಪ್ರಬಂಧಗಳ ಗತಿಯನ್ನೇ ನೋಡಿ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮದಂತೆ ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಗಳನ್ನು ಒಪ್ಪಿಸುವುದು ಕಡ್ಡಾಯವಾಗಿ, ಅವು ಶೋಧಗಂಗಾ ಭಂಡಾರವನ್ನು ಸೇರುತ್ತಿವೆ. ಕನ್ನಡ ಪ್ರಬಂಧಗಳಲ್ಲಿ ಹಲವು ಯೂನಿಕೋಡ್ ಅಲ್ಲದ ಹಳೆಯ ನುಡಿ ಅಥವಾ ಬರಹ ಅಕ್ಷರವಿನ್ಯಾಸಗಳಲ್ಲಿವೆ. ಮತ್ತೆ ಕೆಲವು ಪುಟಗಳ ಬರಿಯ ಚಿತ್ರಗಳು. ಪರದೆಯ ಮೇಲೆ ಅಚ್ಚ ಕನ್ನಡವಾಗಿ ಕಾಣುವ ಆ ಪುಟದ ಒಳಗೆ ಯಂತ್ರ ಓದುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯನ್ನು. ಆದಕಾರಣ ಅದೇ ವಿಷಯವನ್ನು ಕುರಿತು ನೆರೆಯ ವಿಶ್ವವಿದ್ಯಾನಿಲಯದಲ್ಲಿ ಐದು ನೂರು ಪುಟಗಳ ಪ್ರಬಂಧವಿದ್ದರೂ, ಅದರ ಒಳಗಿನ ಒಂದು ಪದವೂ ಶೋಧನೆಗೆ ಸಿಕ್ಕದೆ, "ಇದುವರೆಗೆ ಯಾವ ಅಧ್ಯಯನವೂ ನಡೆದಿಲ್ಲ" ಎಂಬ ವಾಕ್ಯ ನಿರಾತಂಕವಾಗಿ ಬರೆಯಲ್ಪಡುತ್ತದೆ. ಹತ್ತು ವರ್ಷ ದುಡಿದವರ ಕೆಲಸ ಹೀಗೆ ಇದ್ದೂ ಇಲ್ಲದಂತಾಗುವುದು ಸಣ್ಣ ಅನ್ಯಾಯವಲ್ಲ.

ಇದುವರೆಗೆ ದೊರೆಯದಿರುವುದನ್ನು ಕುರಿತು ಹೇಳಿದೆವು. ದೊರೆತದ್ದನ್ನು ನಂಬುವ ಬಗೆಯೂ ವಿಚಾರಾರ್ಹವೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಹತ್ತು ಮಂದಿ ಇತಿಹಾಸಜ್ಞರು, ಹತ್ತು ಮಂದಿ ವೃತ್ತಿಪರ ಸತ್ಯಪರಿಶೋಧಕರು ಮತ್ತು 25 ಮಂದಿ ವಿದ್ಯಾರ್ಥಿಗಳು ಅಂತರಜಾಲದ ಪುಟಗಳನ್ನು ಹೇಗೆ ಅಳೆಯುತ್ತಾರೆಂಬುದನ್ನು ಪರಿಶೀಲಿಸಿದರು. ವಿದ್ವಾಂಸರಾದ ಇತಿಹಾಸಜ್ಞರಲ್ಲಿ ಹಲವರು ವಿದ್ಯಾರ್ಥಿಗಳಂತೆಯೇ, ಪುಟದ ಗಂಭೀರವಾದ ವೇಷಕ್ಕೆ ಮರುಳಾದರು. ಎದುರಿಗಿದ್ದ ಪುಟದಲ್ಲಿಯೇ ನಿಂತು ಅದನ್ನು ಮೇಲಿನಿಂದ ಕೆಳಗೆ ಓದಿದುದು ಇದಕ್ಕೆ ಕಾರಣ. ಸತ್ಯಪರಿಶೋಧಕರು ಆ ಪುಟವನ್ನು ಬೇಗನೆ ಬಿಟ್ಟು, ಅದನ್ನು ಪ್ರಕಟಿಸಿದವರು ಯಾರೆಂದು ಬೇರೆಡೆಗಳಲ್ಲಿ ವಿಚಾರಿಸಿ, ಹಿಂದಿರುಗಿದರು. ಪಕ್ಕಕ್ಕೆ ಸರಿದು ಓದುವ ಈ ಕ್ರಮ ಈಗ ಎಲ್ಲೆಡೆ ಪ್ರಶಂಸೆಗೆ ಪಾತ್ರವಾಗಿದೆ.

ಕನ್ನಡದ ವಿಷಯಗಳಲ್ಲಿ ಇದು ಅರ್ಧ ದಾರಿಗೆ ಮಾತ್ರ ಬರುತ್ತದೆಂದು ನಮ್ಮ ಅಭಿಪ್ರಾಯ. ಹಲ್ಮಿಡಿ ಶಾಸನದ ಕಾಲವನ್ನು ಹುಡುಕಿದರೆ ಕ್ರಿ.ಶ. 450 ಎಂಬ ಅಂಕಿ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ದೊರೆಯುತ್ತದೆ. ಪಕ್ಕಕ್ಕೆ ಸರಿದು ನೋಡಿದವನಿಗೆ ಪಕ್ಕದಲ್ಲಿಯೂ ಅದೇ ಇರುತ್ತದೆ. ಶಾಸನದಲ್ಲಿಯಾದರೋ ಕಾಲದ ಉಲ್ಲೇಖವೇ ಇಲ್ಲ. ಎಂ. ಎಚ್. ಕೃಷ್ಣ ಅವರು ಮೈಸೂರು ಪುರಾತತ್ತ್ವ ಇಲಾಖೆಯ 1936ರ ವರದಿಯಲ್ಲಿ ಇದನ್ನು ಪ್ರಕಟಿಸಿದರು. ಲಿಪಿಯ ಸ್ವರೂಪ, ಅಲ್ಲಿ ಬರುವ ಹೆಸರುಗಳು ಇವುಗಳಿಂದ ಕಾಲವನ್ನು ಊಹಿಸಬೇಕಾಗಿದೆ. ಆ ಊಹೆಯಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 'ಸುಮಾರು' ಎಂಬ ಪದ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಾಗ ಬಿದ್ದುಹೋಯಿತು. ಒಂದೇ ಮಾತೃಕೆಯಿಂದ ಇಳಿದ ನೂರು ಪ್ರತಿಗಳು ಒಂದು ಸಾಕ್ಷಿಯಲ್ಲದೆ ನೂರು ಸಾಕ್ಷಿಗಳಲ್ಲವೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಅಂತರಜಾಲದ ಪುಟಗಳಿಗೂ ವಂಶವೃಕ್ಷವನ್ನು ಬರೆಯಬಹುದು: ಒಂದೇ ಅಕ್ಷರದೋಷ ಎಲ್ಲೆಲ್ಲಿ ಮರುಕಳಿಸಿದೆಯೆಂದು ನೋಡಿದರೆ ಯಾವುದು ಯಾವುದರಿಂದ ನಕಲಾಯಿತೆಂಬುದು ಬಹುಮಟ್ಟಿಗೆ ಹೊರಬೀಳುತ್ತದೆ. ಆ ವೃಕ್ಷದ ಬೇರು 1936ರ ವರದಿಯನ್ನು ಮುಟ್ಟಿದಲ್ಲದೆ ಶೋಧಕನ ಕೆಲಸ ಮುಗಿಯಲಿಲ್ಲ.

ಕೃತಕ ಬುದ್ಧಿಯ ಸಂವಾದಯಂತ್ರಗಳು ಬಂದ ಮೇಲೆ ದೋಷ ಮತ್ತೊಂದು ಕಡೆಗೆ ತಿರುಗಿದೆ. ಇವು 'ದೊರೆಯಲಿಲ್ಲ' ಎನ್ನಲು ನಾಚುತ್ತವೆ. ಇಲ್ಲದ ಗಡಿಗೆಯನ್ನು ನೆಲದ ಮೇಲೆ ತೋರಿಸುತ್ತವೆ. ನ್ಯೂಯಾರ್ಕಿನ ನ್ಯಾಯಾಲಯವೊಂದರಲ್ಲಿ ವಕೀಲರು ಇಂತಹ ಯಂತ್ರ ಕಲ್ಪಿಸಿಕೊಟ್ಟ, ಎಂದೂ ಆಗದ ತೀರ್ಪುಗಳನ್ನು ಉದ್ಧರಿಸಿ 2023ರಲ್ಲಿ 5000 ಡಾಲರ್ ದಂಡ ತೆತ್ತರು. ನಮ್ಮಲ್ಲಿ ಇಲ್ಲದ ಗ್ರಂಥವನ್ನು ಉದ್ಧರಿಸಿದವನಿಗೆ ಅಂತಹ ದಂಡದ ಭಯವಿಲ್ಲವಾದ್ದರಿಂದ ಪರೀಕ್ಷಕರು ಹೆಚ್ಚು ಎಚ್ಚರದಿಂದಿರಬೇಕಾಗಿದೆ.

ವಿಭಾಗಗಳು ಮಾಡಬಹುದಾದ ಒಂದು ಕೆಲಸವನ್ನು ಇಲ್ಲಿ ಸೂಚಿಸುತ್ತೇವೆ. 'ಯಾವ ಅಧ್ಯಯನವೂ ನಡೆದಿಲ್ಲ' ಎಂದು ಬರೆಯುವ ವಿದ್ಯಾರ್ಥಿ ಪ್ರಬಂಧದ ಕೊನೆಯಲ್ಲಿ ಒಂದು ಪುಟದ ಶೋಧವಿವರವನ್ನು ಸೇರಿಸಲಿ: ಯಾವ ಯಾವ ಹೆಸರುಗಳನ್ನು, ಯಾವ ಲಿಪಿಗಳಲ್ಲಿ, ಯಾವ ಕಾಗುಣಿತಗಳಲ್ಲಿ ಹುಡುಕಿದನು, ಯಾವ ಭಂಡಾರದಲ್ಲಿ, ವಿವರಗಳಲ್ಲಿಯೋ ಪಠ್ಯದಲ್ಲಿಯೋ, ಯಾವ ದಿನ. ಶಾಸನವನ್ನು ಪ್ರಕಟಿಸುವವರು ಕಲ್ಲು ಯಾವ ಹೊಲದಲ್ಲಿ ನಿಂತಿದೆಯೆಂದು ಹೇಳುವಂತೆ ಇದು. ಪ್ರಬಂಧದ ಗಾತ್ರ ಬೆಳೆಯುತ್ತದೆಂಬ ಆಕ್ಷೇಪವನ್ನು, ಅನವಶ್ಯಕವಾದ ಪೀಠಿಕಾಪ್ರಕರಣಗಳಿಂದ ಬೆಳೆಯುತ್ತಿರುವ ಗಾತ್ರವನ್ನು ಕಂಡವರು ಮಾಡಲಾರರು. ವಿವರವನ್ನು ಕಲ್ಪಿಸಿ ಬರೆದಾರೆಂಬ ಆಕ್ಷೇಪಕ್ಕೆ ಬಲವುಂಟು. ಆದರೆ ಪರೀಕ್ಷಕನು ಅದೇ ಪದಗಳಿಂದ ಅದೇ ಭಂಡಾರದಲ್ಲಿ ಹುಡುಕಿ ನೋಡಬಹುದಾದ್ದರಿಂದ ಆ ಸುಳ್ಳಿಗೆ ಆಯುಸ್ಸು ಕಡಮೆ.

ಎಂ.ಎ. ತರಗತಿಗೆ ಅಭ್ಯಾಸವಾಗಿ ಕನ್ನಡದ ಮೊದಲ ಪತ್ರಿಕೆಯನ್ನೇ ಕೊಡಬಹುದು. ಮೋಗ್ಲಿಂಗ್ 1843ರ ಜುಲೈಯಲ್ಲಿ ಆರಂಭಿಸಿದ ಅದು ಈಗಿನ ಬರಹಗಳಲ್ಲಿ 'ಮಂಗಳೂರು ಸಮಾಚಾರ' ಎಂದೂ 'ಮಂಗಳೂರ ಸಮಾಚಾರ' ಎಂದೂ ಕಾಣಿಸುತ್ತದೆ. ಪಾಶ್ಚಾತ್ಯ ಗ್ರಂಥಾಲಯಗಳ ಸೂಚಿಗಳ ಪದ್ಧತಿಯಲ್ಲಿ ಳಕಾರಕ್ಕೆ ಕೆಳಗೆ ಚುಕ್ಕಿ, ದೀರ್ಘಕ್ಕೆ ಮೇಲೆ ಗೆರೆ ಬರುತ್ತದೆ, ಚಕಾರವನ್ನು ಸಿ ಒಂದರಿಂದಲೇ ಬರೆಯುತ್ತಾರೆ. ಮಿಷನರಿಗಳ ಕಾಲದ ಮುದ್ರಣಗಳಲ್ಲಿ ಒಂದು ಭಾಗ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯ 2018ರಲ್ಲಿ ತೆರೆದ ಗುಂಡರ್ಟ್ ಸಂಗ್ರಹದ ತಾಣದಲ್ಲಿದೆ. ಕನ್ನಡದಲ್ಲಿ ಮಾತ್ರ ಹುಡುಕುವವನು ಅಲ್ಲಿಗೆ ತಲುಪುವುದೇ ಕಷ್ಟ. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವೆಂಬ ಹೆಸರನ್ನು ತಾಳಿತು. ಮೊದಲ ಹೆಸರೊಂದನ್ನೇ ಹಿಡಿದು ಹುಡುಕಿದ ವಿದ್ಯಾರ್ಥಿ, ಪತ್ರಿಕೆ 1844ರಲ್ಲಿ ನಿಂತುಹೋಯಿತೆಂದು ಬರೆದುಕೊಂಡು ಬರುತ್ತಾನೆ.